ಚಂದಾ ಪುಸ್ತಕವೇ ಬಂಡವಾಳ

(ಹಾಸನದಲ್ಲಿ ತಾಲೂಕು ಮಟ್ಟದ ವಾರಪತ್ರಿಕೆಗಳನ್ನು ನಡೆಸುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಾಲ್ಕನೇ ಅಂಗ, ಸಮಾಜದ ಕನ್ನಡಿ ಇತ್ಯಾದಿ ಮಾತುಗಳನ್ನು ಜುಲೈ 1ಕ್ಕೆ ಬಿಡೋಣ. ಆವತ್ತು ಪತ್ರಿಕಾ ದಿನಾಚರಣೆ ಇರುತ್ತದೆ, ಹಾರ ತುರಾಯಿ ಇರುತ್ತದೆ, ಮಾತಾಡುವವರೂ ಬೇಕಾದಷ್ಟು ಜನ ಇರುತ್ತಾರೆ. ಇವತ್ತು ಲೆಕ್ಕ ನೋಡೋಣ.

ನಮ್ಮ ಕಡೆ ಸುದ್ದಿಗೆ ಬರ ಬಂದು ವಾರಪತ್ರಿಕೆ ನಿಲ್ಲುವುದಿಲ್ಲ. ದುಡ್ಡು ಹೊರಗೆ ಉಳಿದು ನಿಲ್ಲುತ್ತದೆ. ಏಜೆಂಟ್ ಹತ್ತಿರ ಮೂರು ತಿಂಗಳ ಬಾಕಿ, ಜಾಹೀರಾತು ಕೊಟ್ಟವರ ಹತ್ತಿರ ಆರು ತಿಂಗಳದ್ದು, ಸರ್ಕಾರಿ ಬಿಲ್ಲು ಇನ್ನೂ ಮೇಜಿನಿಂದ ಮೇಜಿಗೆ ಹೋಗುತ್ತಿರುತ್ತದೆ. ಪ್ರೆಸ್‌ನವನು ಮಾತ್ರ ನಗದು ಕೇಳುತ್ತಾನೆ. ಆಗ ಒಂದು ವಾರ ಸಂಚಿಕೆ ತಪ್ಪುತ್ತದೆ, ಆಮೇಲೆ ಎರಡು ವಾರ. ತಪ್ಪಿದ ಸಂಚಿಕೆಯನ್ನು ಸಂಪಾದಕ ಮರೆಯಬಹುದು, ಚಂದಾ ಕೊಟ್ಟವನು ಮರೆಯುವುದಿಲ್ಲ.

ಜಾಹೀರಾತಿಲ್ಲದೆ ಪತ್ರಿಕೆ ನಡೆಸಬಹುದು ಎಂದು ತೋರಿಸಿದ ಉದಾಹರಣೆ ನಮ್ಮಲ್ಲೇ ಇದೆ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಓದುಗ ಕೊಟ್ಟ ಕಾಸಿನಲ್ಲೇ ನಡೆಯಿತು. ಅದನ್ನು ನೋಡಿ ಟ್ಯಾಬ್ಲಾಯ್ಡ್ ತೆಗೆದವರು ಊರೂರಿನಲ್ಲಿ ಇದ್ದರು. ಅದರ ಓದುಗರು ಇಡೀ ರಾಜ್ಯದಲ್ಲಿ ಹರಡಿದ್ದರು ಅನ್ನುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಲಿಲ್ಲ. ಆಲೂರಿಗೋ ಕೊಪ್ಪಕ್ಕೋ ಮೀಸಲಾದ ಪತ್ರಿಕೆಗೆ ಆ ವಿಸ್ತಾರ ಸಿಗುವುದಿಲ್ಲ. ಸಿಗುವುದು ಆಳ. ಒಂದು ತಾಲೂಕಿನಲ್ಲಿ ಸಾವಿರ ಮನೆ ಗಟ್ಟಿಯಾಗಿ ಹಿಡಿದರೆ ಪತ್ರಿಕೆ ತನ್ನ ಕಾಲ ಮೇಲೆ ನಿಲ್ಲುತ್ತದೆ. ಮೂರು ತಾಲೂಕಿನಲ್ಲಿ ಸಾವಿರ ಮನೆ ಅಂದರೆ ಏದುಸಿರು.

ಅಚ್ಚಿನ ಲೆಕ್ಕ

8 ಪುಟದ ಟ್ಯಾಬ್ಲಾಯ್ಡ್ ತೆಗೆದುಕೊಳ್ಳಿ. ಪುಟ 28 ಸೆಂ.ಮೀ. ಅಗಲ, 40 ಸೆಂ.ಮೀ. ಉದ್ದ, ಕಾಗದ 45 ಜಿಎಸ್‌ಎಂ, ಅಂದರೆ ಚದರ ಮೀಟರಿಗೆ 45 ಗ್ರಾಂ ತೂಗುವ ನ್ಯೂಸ್‌ಪ್ರಿಂಟ್ ಎಂದಿಟ್ಟುಕೊಳ್ಳಿ. 8 ಪುಟ ಅಂದರೆ 4 ಹಾಳೆ. ಒಂದು ಪ್ರತಿಯ ತೂಕ ಸುಮಾರು 20 ಗ್ರಾಂ. ಎರಡು ಸಾವಿರ ಪ್ರತಿಗೆ 40 ಕೆ.ಜಿ. ಕಾಗದ. ಇಷ್ಟೇ ಆಗಿದ್ದರೆ ಎಲ್ಲರೂ ಪತ್ರಿಕೆ ನಡೆಸುತ್ತಿದ್ದರು.

ಕಾಗದದ ಸುರುಳಿಯಿಂದ ಓಡುವ ವೆಬ್ ಆಫ್‌ಸೆಟ್ ಮೆಷಿನ್ ಶುರುವಾದ ಮೇಲೆ ಶಾಯಿ, ನೀರು ಹದಕ್ಕೆ ಬಂದು, ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವ ತನಕ ಬರುವ ಪ್ರತಿಗಳೆಲ್ಲ ರದ್ದಿ. ಈ ರದ್ದಿ ನೀವು ಎಷ್ಟು ಪ್ರತಿ ಹಾಕಿಸುತ್ತೀರಿ ಅನ್ನುವುದರ ಮೇಲೆ ನಿಂತಿಲ್ಲ. 300 ಪ್ರತಿ ಹೋಗುತ್ತದೆ ಎಂದು ಹಿಡಿಯಿರಿ. ಮೂರು ಸಾವಿರ ಹಾಕಿಸುವವನಿಗೆ ಅದು ನೂರಕ್ಕೆ ಹತ್ತು, ಐನೂರು ಹಾಕಿಸುವವನಿಗೆ ನೂರಕ್ಕೆ ಅರವತ್ತು. ಪುಟದ ಅಚ್ಚು ಮೂಡಿಸುವ ಪ್ಲೇಟಿನ ಖರ್ಚೂ ಹಾಗೆಯೇ, ಐನೂರಕ್ಕೂ ಅಷ್ಟೇ ಐದು ಸಾವಿರಕ್ಕೂ ಅಷ್ಟೇ. ಆದ್ದರಿಂದ ಸಾವಿರದೊಳಗಿನ ಪ್ರತಿ ಇರುವವರು ವೆಬ್ ಮೆಷಿನ್ ಆಸೆ ಬಿಟ್ಟು ಬಿಡಿ ಹಾಳೆ ಹಾಕುವ ಶೀಟ್‌ಫೆಡ್‌ ಮೆಷಿನ್‌ನಲ್ಲಿ ಹಾಕಿಸುವುದು ಲೇಸು. ಮಡಚುವ ಕೂಲಿ ಬೀಳುತ್ತದೆ, ಸಮಯ ಹಿಡಿಯುತ್ತದೆ, ಆದರೆ ರದ್ದಿ ಕೈ ಕಚ್ಚುವುದಿಲ್ಲ.

ಬಣ್ಣದ ಪುಟದ ವಿಷಯದಲ್ಲಿ ಜಾಹೀರಾತು ತರುವವರಿಗೂ ಒಂದು ಸಂಗತಿ ಗೊತ್ತಿರಬೇಕು. ಒಂದೇ ಕಾಗದದಲ್ಲಿ 8 ಪುಟ ಮಡಚುವಾಗ ಸಾಮಾನ್ಯವಾಗಿ 1, 4, 5, 8ನೇ ಪುಟ ಒಂದು ಮಗ್ಗುಲಿಗೆ ಬೀಳುತ್ತವೆ. 2, 3, 6, 7 ಇನ್ನೊಂದು ಮಗ್ಗುಲಿಗೆ. ಒಂದು ಮಗ್ಗುಲಿಗೆ ನಾಲ್ಕು ಬಣ್ಣದ ಪ್ಲೇಟು ಹಾಕಿಸಿದರೆ ಮುಖಪುಟ, ನಡುವಿನ ಜೋಡಿ ಪುಟ, ಕೊನೆ ಪುಟ ಮೂರಕ್ಕೂ ಬಣ್ಣ ಬರುತ್ತದೆ. ಯಾರೋ 3ನೇ ಪುಟಕ್ಕೆ ಬಣ್ಣದ ಜಾಹೀರಾತು ಕೇಳಿದರು ಎಂದು ಒಪ್ಪಿಕೊಂಡರೆ ಇನ್ನೊಂದು ಮಗ್ಗುಲಿಗೂ ಬಣ್ಣದ ಪ್ಲೇಟು ಬೀಳುತ್ತದೆ, ಆ ಜಾಹೀರಾತಿನ ದುಡ್ಡು ಅಲ್ಲಿಗೇ ತೀರಿತು. ನಿಮ್ಮ ಪ್ರೆಸ್‌ನಲ್ಲಿ ಪುಟ ಹೇಗೆ ಕೂರುತ್ತದೆ ಎಂದು ಮೊದಲೇ ಕೇಳಿ, ಜಾಹೀರಾತು ದರಪಟ್ಟಿಯಲ್ಲೇ ‘ಬಣ್ಣ: 1, 4, 5, 8 ಮಾತ್ರ’ ಎಂದು ಬರೆದುಬಿಡಿ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಕಲ್ಲಚ್ಚಿನಲ್ಲಿ ಹೊರಟು, ಮರುವರ್ಷವೇ ಬಳ್ಳಾರಿಗೆ ಹೋಗಿ ‘ಕನ್ನಡ ಸಮಾಚಾರ’ ಆಯಿತು. ಅಚ್ಚುಕೂಟ ಎಲ್ಲಿದೆ ಅನ್ನುವುದು ಅಂದಿನಿಂದಲೂ ನಮ್ಮನ್ನು ಆಡಿಸುತ್ತ ಬಂದಿದೆ. ನಿಮ್ಮ ಪತ್ರಿಕೆ ಬೇರೆ ಊರಿನಲ್ಲಿ ಅಚ್ಚಾಗುತ್ತಿದ್ದರೆ, ಮಳೆಗಾಲದಲ್ಲಿ ಕರೆಂಟು ಹೋಗುವ, ಮರ ಬೀಳುವ ರಾತ್ರಿಗೆಂದು ಇನ್ನೊಂದು ಪ್ರೆಸ್‌ನವರ ಜೊತೆ ಮಾತಾಡಿಟ್ಟುಕೊಳ್ಳಿ. ಪುಟದ ಅಳತೆ ಎರಡೂ ಕಡೆ ಹೊಂದುತ್ತದೆಯೇ ಎಂದು ಬೇಸಿಗೆಯಲ್ಲೇ ನೋಡಿಕೊಳ್ಳಬೇಕು. ಜುಲೈ ತಿಂಗಳ ರಾತ್ರಿ ಹನ್ನೊಂದು ಗಂಟೆಗೆ ಪಿಡಿಎಫ್ ಅಳತೆ ಬದಲಿಸಲು ಕೂತರೆ ಅಕ್ಷರ ಒಡೆಯುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ.

ಅಂಗಡಿ ಮಾರಾಟ ಯಾಕೆ ಮೋಸ

ಮುಖಬೆಲೆ 10 ರೂಪಾಯಿ. ಏಜೆಂಟ್ ಕಮಿಷನ್ ನೂರಕ್ಕೆ 30. ಅಚ್ಚಿನ ಖರ್ಚು ಪ್ರತಿಗೆ 5 ರೂಪಾಯಿ ಎಂದಿಟ್ಟುಕೊಂಡು ನೋಡಿ. ನೂರು ಪ್ರತಿ ಕೊಟ್ಟಿರಿ, ಎಪ್ಪತ್ತು ಮಾರಾಟವಾಯಿತು. ನಿಮ್ಮ ಕೈಗೆ 490 ರೂಪಾಯಿ. ಅಚ್ಚಿಗೆ ಹೋದದ್ದು 500. ಬಸ್ಸಿಗೆ ಬಂಡಲ್ ಹಾಕಿದ ಖರ್ಚು ಇನ್ನೂ ಸೇರಿಲ್ಲ. ‘ನೂರಕ್ಕೆ ಎಪ್ಪತ್ತು ಮಾರಿದೆವು’ ಎಂದು ಹೆಮ್ಮೆಪಡುವವರು ಇದನ್ನು ಕೂತು ಕೂಡಿಸಬೇಕು. ನೂರಕ್ಕೆ ಹತ್ತಕ್ಕಿಂತ ಹೆಚ್ಚು ವಾಪಸ್ ಬರುವ ಅಂಗಡಿಗೆ ಮುಂದಿನ ವಾರವೇ ಪ್ರತಿ ಇಳಿಸಿ. ಬಸ್ ಸ್ಟ್ಯಾಂಡಿನಲ್ಲಿ ತೂಗುಹಾಕಿದರೆ ಹೆಸರು ಬರುತ್ತದೆ ಎಂದು ಮಾಲೀಕರಿಗೆ ಇರುವ ಚಪಲಕ್ಕೆ ತಿಂಗಳಿಗೆ ಎಷ್ಟು ಖರ್ಚು ಎಂದು ಬೇಕಿದ್ದರೆ ಪ್ರತ್ಯೇಕ ಖಾತೆ ಇಟ್ಟುಕೊಳ್ಳಲಿ.

ಏಜೆಂಟರ ಜೊತೆ ಕರಾರು ಬಾಯಿಮಾತಿನಲ್ಲಿ ಬೇಡ. ನಾಲ್ಕು ವಾರದ ಪ್ರತಿಗಳ ಬೆಲೆಯಷ್ಟು ಡಿಪಾಸಿಟ್, ಹದಿನೈದು ದಿನಕ್ಕೊಮ್ಮೆ ಲೆಕ್ಕ, ವಾಪಸ್ ಕೊಡುವಾಗ ಪೂರ್ತಿ ಪತ್ರಿಕೆ ಬೇಡ, ಹೆಸರು ಮತ್ತು ತಾರೀಕು ಇರುವ ತಲೆಪಟ್ಟಿ ಕತ್ತರಿಸಿ ಕೊಟ್ಟರೆ ಸಾಕು. ಎರಡು ಲೆಕ್ಕ ತಪ್ಪಿದರೆ ಬಂಡಲ್ ನಿಲ್ಲಿಸಿ. ನಿಷ್ಠುರ ಆಗುತ್ತದೆ ಎಂದು ಮೂರನೆಯದನ್ನೂ ಬಿಟ್ಟರೆ ಡಿಪಾಸಿಟ್ ಮುಳುಗಿ ಆಮೇಲೆ ಸ್ನೇಹವೂ ಮುಳುಗುತ್ತದೆ.

ಚಂದಾ

ಅದೇ 10 ರೂಪಾಯಿಯ ಪತ್ರಿಕೆಗೆ ವರ್ಷಕ್ಕೆ 50 ಸಂಚಿಕೆ, ಚಂದಾ 500 ರೂಪಾಯಿ. ಅಚ್ಚು 5, ಅಂಟುಚೀಟಿ, ಸುತ್ತುವ ಕಾಗದ, ಅಂಚೆ ಸೇರಿ ಒಂದೂವರೆ ಎಂದು ಹಿಡಿದರೆ ವರ್ಷಕ್ಕೆ 325 ಖರ್ಚು. ಉಳಿಯುವುದು 175. ವಾಪಸ್ ಪ್ರತಿ ಇಲ್ಲ, ಬಾಕಿ ಇಲ್ಲ, ದುಡ್ಡು ಮುಂಗಡ. ಅಂಗಡಿಯಲ್ಲಿ ಮಾರಿದ ಎಷ್ಟು ಪ್ರತಿಗೆ ಒಂದು ಚಂದಾ ಸಮ ಎಂದು ನಾನು ಬೇರೆ ಹೇಳಬೇಕಿಲ್ಲ.

ಆದರೆ ಆ ಮುಂಗಡ ಇನ್ನೂ ನಿಮ್ಮ ದುಡ್ಡಲ್ಲ. ಐವತ್ತು ಸಂಚಿಕೆಯ ಸಾಲ ಅದು. 1,200 ಜನ ಚಂದಾ ಕೊಟ್ಟರೆ ಆರು ಲಕ್ಷ ಒಟ್ಟಿಗೆ ಕಾಣುತ್ತದೆ, ಕಂಡ ಕೂಡಲೇ ಹಳೆ ಕಂಪ್ಯೂಟರ್ ಬದಲಿಸುವ, ಕಚೇರಿಗೆ ಗಾಜಿನ ಬಾಗಿಲು ಹಾಕಿಸುವ ಯೋಚನೆ ಬರುತ್ತದೆ. ಚಂದಾಕ್ಕೆ ಪ್ರತ್ಯೇಕ ಬ್ಯಾಂಕ್ ಖಾತೆ ಇಡಿ. ಪ್ರತಿ ಸಂಚಿಕೆ ಅಂಚೆಗೆ ಹೋದ ಮೇಲೆ ಐವತ್ತರಲ್ಲಿ ಒಂದು ಪಾಲನ್ನು, ಈ ಉದಾಹರಣೆಯಲ್ಲಿ 12,000 ರೂಪಾಯಿಯನ್ನು, ಖರ್ಚಿನ ಖಾತೆಗೆ ವರ್ಗಾಯಿಸಿ. ನಲವತ್ತನೇ ವಾರ ಬಂದಾಗ ಇನ್ನೂ ಹತ್ತು ವಾರದ ದುಡ್ಡು ಅಲ್ಲಿ ಇರಬೇಕು. ಇಲ್ಲದಿದ್ದರೆ ಹೊಸ ಚಂದಾದಾರನ ದುಡ್ಡಿನಲ್ಲಿ ಹಳೆ ಚಂದಾದಾರನಿಗೆ ಪತ್ರಿಕೆ ಕಳಿಸುತ್ತಿದ್ದೀರಿ ಎಂದರ್ಥ. ಆ ಸರಪಳಿ ಒಂದು ಕೆಟ್ಟ ವರ್ಷಕ್ಕೆ ಕಡಿದುಬೀಳುತ್ತದೆ.

ನವೀಕರಣದ ತಿಂಗಳನ್ನು ಬೆಳೆ ನೋಡಿ ಇಡಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಕೊಯ್ಲು ಮುಗಿದು ಮಾರಾಟ ನಡೆಯುವ ಫೆಬ್ರವರಿ, ಮಾರ್ಚ್‌ನಲ್ಲಿ ಕೈಯಲ್ಲಿ ಕಾಸು ಆಡುತ್ತದೆ. ಅದೇ ಮನೆಗೆ ಆಗಸ್ಟ್‌ನಲ್ಲಿ ಹೋದರೆ ಮಳೆ, ಕೊಳೆರೋಗ, ಕೂಲಿ ಬಟವಾಡೆ. ಹಾಸನ ಸುತ್ತ ಆಲೂಗಡ್ಡೆ ಹಾಕುವವರನ್ನು ಮೇ, ಜೂನ್‌ನಲ್ಲಿ ಕೇಳಲೇಬೇಡಿ. ಬಿತ್ತನೆ ಗಡ್ಡೆಗೆ, ಗೊಬ್ಬರಕ್ಕೆ ದುಡ್ಡು ಸುರಿದಿರುತ್ತಾರೆ. ಫಸಲು ಬಂದ ಮೇಲೆ ಹೋಗಿ. ಅರಸೀಕೆರೆ ಕಡೆ ಕೊಬ್ಬರಿ ಇರುವ ಮನೆಗೆ ಇಂಥದೇ ತಿಂಗಳು ಎಂದಿಲ್ಲ, ದರ ಏರಿದಾಗ ಹೋಗುವುದು. ಸಂಬಳದವರಿಗೆ, ಪಿಂಚಣಿಯವರಿಗೆ ತಿಂಗಳ ಮೊದಲ ವಾರ. ಎಲ್ಲರಿಗೂ ಜನವರಿಯೇ ಎಂದು ಇಟ್ಟುಕೊಂಡರೆ ನಿಮಗೂ ಒಂದೇ ತಿಂಗಳಲ್ಲಿ ಓಡಾಟ, ಉಳಿದ ಹನ್ನೊಂದು ತಿಂಗಳು ಒಣಗು.

ಅಂಟುಚೀಟಿಯಲ್ಲಿ ಹೆಸರು, ವಿಳಾಸದ ಜೊತೆ ಚಂದಾ ಮುಗಿಯುವ ಸಂಚಿಕೆಯ ಸಂಖ್ಯೆ ಅಚ್ಚಾಗಬೇಕು. ಆರು ವಾರ ಮುಂಚೆ ಒಂದು ಚೀಟಿ, ಮೂರು ವಾರ ಮುಂಚೆ ಫೋನ್, ಮುಗಿದ ವಾರ ‘ಇದು ಕೊನೆ ಸಂಚಿಕೆ’ ಎಂಬ ಮುದ್ರೆ. ಬೇಕಾದರೆ ಎರಡು ಸಂಚಿಕೆ ದಾಕ್ಷಿಣ್ಯಕ್ಕೆ ಕಳಿಸಿ, ಮೂರನೆಯದು ಬೇಡ. ಮುಗಿದವರಿಗೂ ಕಳಿಸುತ್ತ ಹೋದರೆ ಎರಡು ವರ್ಷದಲ್ಲಿ ಚಂದಾ ಪಟ್ಟಿಯ ದೊಡ್ಡ ಪಾಲು ಪುಕ್ಕಟೆ ಓದುಗರದ್ದಾಗಿರುತ್ತದೆ, ಅವರಲ್ಲಿ ಕೆಲವರು ತೀರಿಯೂ ಹೋಗಿರುತ್ತಾರೆ. ಗೌರವ ಪ್ರತಿಗಳ ಪಟ್ಟಿ ಬೇರೆ ಇರಲಿ, ಒಟ್ಟು ಪ್ರತಿಯ ನೂರಕ್ಕೆ ಐದು ದಾಟದಿರಲಿ. ಶಾಸಕರಿಗೆ ಪುಕ್ಕಟೆ ಯಾಕೆ ಎಂದು ಯಾರಾದರೂ ಕೇಳಿದ್ದಾರಾ? ಅವರೂ ಚಂದಾ ಕೊಡಬಹುದು.

ಅಂಚೆ ರಿಯಾಯಿತಿ ದರ ಸಿಗಬೇಕಾದರೆ ಪತ್ರಿಕೆಯ ನೋಂದಣಿ, ಅಂಚೆ ಇಲಾಖೆಯ ಲೈಸೆನ್ಸ್, ನಿಜವಾದ ಚಂದಾದಾರರ ಪಟ್ಟಿ ಬೇಕು. ಗೊತ್ತುಮಾಡಿದ ದಿನ, ಗೊತ್ತುಮಾಡಿದ ಅಂಚೆ ಕಚೇರಿಯಲ್ಲಿ ಹಾಕಬೇಕು. ತೂಕದ ಮೊದಲ ಹಂತ 50 ಗ್ರಾಂ. ನಮ್ಮ 8 ಪುಟಕ್ಕೆ 20 ಗ್ರಾಂ ಅಂದರೆ 16 ಪುಟದ ವಿಶೇಷಾಂಕವೂ 40ರ ಆಸುಪಾಸಿನಲ್ಲಿ ಅದೇ ಹಂತದಲ್ಲಿ ಹೋಗುತ್ತದೆ. ಆದರೆ ವಿಶೇಷಾಂಕ ಚೆಂದ ಕಾಣಲಿ ಎಂದು ದಪ್ಪ ಹೊಳಪು ಕಾಗದದ ಹೊದಿಕೆ ಹಾಕಿಸಿದರೆ ತೂಗಿ ನೋಡದೆ ಅಂಚೆಗೆ ಒಯ್ಯಬೇಡಿ. ಅಂಗಡಿಯವರ ಕರಪತ್ರವನ್ನು ಅಂಚೆ ಪ್ರತಿಯೊಳಗೆ ಮಡಚಿ ಇಡುವುದೂ ಬೇಡ. ರಿಯಾಯಿತಿ ಇರುವುದು ಪತ್ರಿಕೆಗೆ.

ಯಾವ ದಿನ ಅಂಚೆಗೆ ಹಾಕಬೇಕು? ಶುಕ್ರವಾರ ಹಾಕಿದರೆ ಪಟ್ಟಣಕ್ಕೆ ಶನಿವಾರ ಸಿಗುತ್ತದೆ; ಮಲೆನಾಡಿನ ಶಾಖಾ ಅಂಚೆ ಕಚೇರಿಗಳಿಗೆ ಭಾನುವಾರ ದಾಟಿ ಸೋಮವಾರವೋ ಮಂಗಳವಾರವೋ. ಅಷ್ಟರಲ್ಲಿ ಮುಂದಿನ ಸಂಚಿಕೆಯ ಪುಟ ಕಟ್ಟುತ್ತಿರುತ್ತೀರಿ. ಮಂಗಳವಾರ ರಾತ್ರಿ ಅಚ್ಚು, ಬುಧವಾರ ಬೆಳಿಗ್ಗೆ ಅಂಚೆ ಎಂದು ಇಟ್ಟುಕೊಂಡರೆ ಕಳಸ, ಶೃಂಗೇರಿಯ ಒಳ ಊರುಗಳಿಗೂ ಶನಿವಾರದೊಳಗೆ ಸಿಗುವ ಸಂಭವ ಹೆಚ್ಚು. ಜೂನ್‌ನಿಂದ ಸೆಪ್ಟೆಂಬರ್ ತನಕ ಪ್ರತಿ ಶಾಖಾ ಕಚೇರಿಯ ಕಟ್ಟನ್ನೂ ಪ್ಲಾಸ್ಟಿಕ್‌ನಲ್ಲಿ ಸುತ್ತಬೇಕು. ನ್ಯೂಸ್‌ಪ್ರಿಂಟ್ ಒಮ್ಮೆ ನೆಂದರೆ ಒಣಗಿಸಿದರೂ ಪುಟ ಬಿಡಿಸಲು ಬರುವುದಿಲ್ಲ. ಒಂದೊಂದು ಅಂಚೆ ಕಚೇರಿ ವ್ಯಾಪ್ತಿಯಲ್ಲೂ ಒಬ್ಬ ಚಂದಾದಾರರಿಗೆ ಶನಿವಾರ ಸಂಜೆ ಫೋನ್ ಮಾಡಿ ‘ಬಂತಾ?’ ಎಂದು ಕೇಳುವ ರೂಢಿ ಇಟ್ಟುಕೊಳ್ಳಿ. ಬಾರದಿದ್ದವರಲ್ಲಿ ಎಲ್ಲೋ ಕೆಲವರು ಮಾತ್ರ ತಾವಾಗಿ ದೂರುತ್ತಾರೆ. ಉಳಿದವರು ಸುಮ್ಮನೆ ಚಂದಾ ನಿಲ್ಲಿಸುತ್ತಾರೆ.

ಏನು ಕೊಟ್ಟರೆ ಚಂದಾ ಕೊಡುತ್ತಾರೆ

ದಿನಪತ್ರಿಕೆಗಳಿಗೆ ಜಿಲ್ಲಾ ಪುಟಗಳಿವೆ, ಮೊಬೈಲಿಗೆ ಅಪಘಾತದ ವಿಡಿಯೊ ಐದು ನಿಮಿಷದಲ್ಲಿ ಬರುತ್ತದೆ. ಅಲ್ಲಿ ನಾವು ಓಡಿ ಗೆಲ್ಲುವುದಿಲ್ಲ. ವಾರಪತ್ರಿಕೆ ಬೇಕಾಗುವುದು ಕತ್ತರಿಸಿ ಇಟ್ಟುಕೊಳ್ಳುವಂಥದ್ದಕ್ಕೆ.

ಮಾರುಕಟ್ಟೆ ದರಪಟ್ಟಿಯಿಂದ ಶುರು ಮಾಡೋಣ, ಯಾಕೆಂದರೆ ಎಲ್ಲರೂ ಹಾಕುತ್ತಾರೆ, ಬಹುತೇಕರು ತಪ್ಪಾಗಿ ಹಾಕುತ್ತಾರೆ. ಎಪಿಎಂಸಿ ಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ಇರುತ್ತವೆ. ಪತ್ರಿಕೆ ಗರಿಷ್ಠವನ್ನು ದಪ್ಪಕ್ಷರದಲ್ಲಿ ಹಾಕುತ್ತದೆ. ಅರಸೀಕೆರೆ ಮಾರುಕಟ್ಟೆಗೆ ಉಂಡೆ ಕೊಬ್ಬರಿ ಒಯ್ದವನಿಗೆ ಆ ದರ ಸಿಗುವುದಿಲ್ಲ. ಅವತ್ತು ನಾಲ್ಕು ಚೀಲ ಆಯ್ದ ಕೊಬ್ಬರಿಗೆ ಬಿದ್ದ ದರ ಅದು. ಬಹುಪಾಲು ಚೀಲಗಳು ಹೋದದ್ದು ಮಾದರಿ ದರಕ್ಕೆ. ಅದನ್ನು ಮೊದಲು ಹಾಕಿ, ಪಕ್ಕದಲ್ಲಿ ಆವಕ ಎಷ್ಟು ಚೀಲ ಎಂದು ಕೊಡಿ, ಹಿಂದಿನ ವಾರದ್ದೂ ಕಳೆದ ವರ್ಷ ಇದೇ ವಾರದ್ದೂ ಕೊಡಿ.

ಕಾಫಿಯಲ್ಲಿ ಇನ್ನೂ ಸೂಕ್ಷ್ಮ. ಹಣ್ಣಿನ ಸಿಪ್ಪೆ ತೆಗೆದು ತೊಳೆದು ಒಣಗಿಸಿದ ಬೀಜ ಪಾರ್ಚ್‌ಮೆಂಟ್, ಹಣ್ಣನ್ನು ಹಾಗೇ ಒಣಗಿಸಿದ್ದು ಚೆರಿ. ಅರೇಬಿಕಾ ಪಾರ್ಚ್‌ಮೆಂಟ್, ಅರೇಬಿಕಾ ಚೆರಿ, ರೋಬಸ್ಟಾ ಪಾರ್ಚ್‌ಮೆಂಟ್, ರೋಬಸ್ಟಾ ಚೆರಿ ನಾಲ್ಕಕ್ಕೂ 50 ಕೆ.ಜಿ. ಚೀಲದ ದರ ಹೇಳುತ್ತೇವೆ. ಆದರೆ ಚೆರಿ ವ್ಯಾಪಾರ ನಿಂತಿರುವುದು ಓಟಿ ಮೇಲೆ. 50 ಕೆ.ಜಿ. ಚೀಲವನ್ನು ಸಿಪ್ಪೆ ಹೊಡೆಸಿದಾಗ ಎಷ್ಟು ಕೆ.ಜಿ. ಬೀಜ ಸಿಗುತ್ತದೋ ಅದು ಓಟಿ. ಒಂದು ಓಟಿಗೆ 400 ರೂಪಾಯಿ ಎಂದು ಲೆಕ್ಕಕ್ಕೆ ಹಿಡಿದರೆ 26 ಓಟಿ ಚೀಲಕ್ಕೆ 10,400, 28 ಓಟಿ ಚೀಲಕ್ಕೆ 11,200. ಒಂದೇ ದಿನ, ಒಂದೇ ಅಂಗಡಿ, ಚೀಲಕ್ಕೆ 800 ರೂಪಾಯಿ ವ್ಯತ್ಯಾಸ. ಓಟಿ, ತೇವಾಂಶ ಹೇಳದೆ ಬರೀ ಚೀಲದ ದರ ಹಾಕಿದರೆ ಬೆಳೆಗಾರ ಆ ಅಂಕಣವನ್ನು ನೋಡುವುದನ್ನೇ ಬಿಡುತ್ತಾನೆ. ಕನಿಷ್ಠ ಮೂವರು ವ್ಯಾಪಾರಿಗಳಿಂದ ಒಂದೇ ದಿನ, ಒಂದೇ ಹೊತ್ತಿನಲ್ಲಿ ಕೇಳಿ. ಯಾವ ದಿನದ ದರ ಎಂದು ಅಚ್ಚು ಮಾಡಿ.

ಮಳೆ ಲೆಕ್ಕ ನಮ್ಮ ಜಿಲ್ಲೆಗಳಲ್ಲಿ ಪತ್ರಿಕೆಗೆ ಸಿಕ್ಕ ವರ. ತೋಟ ತೋಟದಲ್ಲೂ ಮಳೆಮಾಪಕ ಇದೆ, ಬೆಳಿಗ್ಗೆ ಎದ್ದು ಬರೆದಿಡುವವರಿದ್ದಾರೆ. ತಾಲೂಕಿನ ನಾನಾ ದಿಕ್ಕಿನ ಹದಿನೈದು ತೋಟ ಆರಿಸಿ, ಪ್ರತಿ ಸೋಮವಾರ ಬೆಳಿಗ್ಗೆ ಎಂಟಕ್ಕೆ ವಾರದ ಮಳೆ ತರಿಸಿ. ಬೆಳೆಗಾರರು ಇಂಚು, ಸೆಂಟ್‌ನಲ್ಲಿ (ಇಂಚಿನ ನೂರರಲ್ಲಿ ಒಂದು ಪಾಲು) ಮಾತಾಡುತ್ತಾರೆ, ಇಲಾಖೆ ಮಿಲಿಮೀಟರ್‌ನಲ್ಲಿ. ಎರಡನ್ನೂ ಕೊಡಿ: 1 ಇಂಚು 20 ಸೆಂಟ್ ಅಂದರೆ 30.5 ಮಿ.ಮೀ. ಕಾಫಿ ಹೂ ಅರಳಿಸುವ ಮಾರ್ಚ್, ಏಪ್ರಿಲ್‌ನ ಹೂಮಳೆ ಯಾವ ಊರಿಗೆ ಬಿತ್ತು, ಯಾವ ಊರು ತಪ್ಪಿತು ಎಂಬ ಪಟ್ಟಿ ಮುಂದಿನ ವರ್ಷದ ಫಸಲಿನ ಮೊದಲ ಸುದ್ದಿ. ಎರಡನೇ ಮಳೆ ಎಷ್ಟು ದಿನಕ್ಕೆ ಬಂತು ಎಂದೂ ಬರೆಯಿರಿ. ಈ ಹದಿನೈದು ಅಂಕಿಗಳಿಗೆ ಖರ್ಚಿಲ್ಲ. ಕೊಟ್ಟವರಷ್ಟೇ ಅಲ್ಲ, ಪಕ್ಕದ ತೋಟದವರೂ ‘ನಮ್ಮಲ್ಲಿ ಅದಕ್ಕಿಂತ ಜಾಸ್ತಿ ಬಿತ್ತು’ ಎಂದು ಜಗಳಕ್ಕಾದರೂ ಪತ್ರಿಕೆ ತೆಗೆದುಕೊಳ್ಳುತ್ತಾರೆ. ಹಾಸನ, ಹೊಳೆನರಸೀಪುರ ಕಡೆ ಇದೇ ಜಾಗದಲ್ಲಿ ಗೊರೂರಿನ ಹೇಮಾವತಿ ಜಲಾಶಯದ ಮಟ್ಟ ಬರಲಿ. ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ 37.103 ಟಿಎಂಸಿ. ಒಳಹರಿವು, ಹೊರಹರಿವು, ಹೋದ ವರ್ಷ ಇದೇ ತಾರೀಕಿನ ಮಟ್ಟ, ಮೂರು ಸಾಲು ಸಾಕು.

ಆನೆ ಸುದ್ದಿ. ಸಕಲೇಶಪುರ, ಆಲೂರು, ಬೇಲೂರಿನಲ್ಲಿ ಹಿಂಡು ಎಲ್ಲಿದೆ ಅನ್ನುವುದು ಗಂಟೆಗಂಟೆಗೆ ಬದಲಾಗುವ ಮಾಹಿತಿ, ಅದು ಅರಣ್ಯ ಇಲಾಖೆಯ ಸಂದೇಶದಲ್ಲಿ ಹೋಗಬೇಕು. ನಾಲ್ಕು ದಿನ ಹಳೆಯ ಜಾಗವನ್ನು ಅಚ್ಚು ಮಾಡಿದರೆ ಕೂಲಿಗೆ ಹೋಗುವವರಿಗೆ ತಪ್ಪು ಧೈರ್ಯ ಕೊಟ್ಟ ಹಾಗೆ. ವಾರಪತ್ರಿಕೆ ಮಾಡಬೇಕಾದದ್ದು ಆನೆ ಹಾವಳಿಗೆ ಕೊಡುವ ಪರಿಹಾರದ ಪಟ್ಟಿ: ಅರ್ಜಿ ಕೊಟ್ಟ ದಿನ, ಸ್ಥಳ ಪರಿಶೀಲನೆ ಆದ ದಿನ, ಮಂಜೂರಾದ ಮೊತ್ತ, ಖಾತೆಗೆ ಬಿದ್ದ ದಿನ. ಆರು ತಿಂಗಳು ಬಿಡದೆ ಈ ನಾಲ್ಕು ಕಂಬಸಾಲು ಹಾಕಿ ನೋಡಿ. ಒಂದು ಆಕ್ರೋಶದ ಸಂಪಾದಕೀಯಕ್ಕಿಂತ ಖಾಲಿ ಉಳಿದ ಕೊನೆಯ ಕಂಬಸಾಲು ಹೆಚ್ಚು ಕೆಲಸ ಮಾಡುತ್ತದೆ.

ಪಂಚಾಯಿತಿ ವರದಿ ಎಂದರೆ ಅಧ್ಯಕ್ಷರಿಗೆ ಸನ್ಮಾನ ಎಂದಾಗಿಬಿಟ್ಟಿದೆ. 2021ರಲ್ಲಿ ಅವಧಿ ಮುಗಿದ ಮೇಲೆ ಜಿಲ್ಲಾ, ತಾಲೂಕು ಪಂಚಾಯಿತಿಗಳು ಚುನಾಯಿತ ಸದಸ್ಯರಿಲ್ಲದೆ ಅಧಿಕಾರಿಗಳ ಕೈಯಲ್ಲಿ ವರ್ಷಗಟ್ಟಲೆ ನಡೆದವು. ಮೊದಲು ಸಭೆಯಲ್ಲಿ ಸದಸ್ಯರು ಎದ್ದು ಕೂಗಾಡುತ್ತಿದ್ದರು, ಕೂತು ಬರೆದುಕೊಂಡರೆ ಅರ್ಧ ಪುಟ ಸಿಗುತ್ತಿತ್ತು. ಆ ಕೂಗಾಟ ಇಲ್ಲದಾಗ ಕಡತವನ್ನೇ ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ರಸ್ತೆ ಕಾಮಗಾರಿಗಳ ಸಂಪೂರ್ಣ ಮಾಹಿತಿ’ ಎಂದು ಕೇಳಿದರೆ ‘ಕೊಡಲಾಗದು’ ಎಂಬ ಹಿಂಬರಹ ಗ್ಯಾರಂಟಿ. ಇಂಥ ಊರಿನಿಂದ ಇಂಥ ಊರಿನ ರಸ್ತೆ, ಇಂಥ ಆರ್ಥಿಕ ವರ್ಷ, ಅಂದಾಜು ಪಟ್ಟಿ, ಅಳತೆ ಪುಸ್ತಕದ ಪ್ರತಿ, ಬಿಲ್ ಪಾವತಿಯ ದಿನಾಂಕ ಎಂದು ಕೇಳಿ. ಅಳತೆ ಪುಸ್ತಕ ಕೈಗೆ ಬಂದರೆ ಟೇಪು ಹಿಡಿದು ರಸ್ತೆಗೆ ಹೋಗಬಹುದು. ಪ್ರತಿ ವಾರ ಒಂದು ಅರ್ಜಿ ಹಾಕುತ್ತ ಹೋದರೆ ಎರಡನೇ ತಿಂಗಳಿಂದ ಪ್ರತಿ ವಾರ ಒಂದು ಉತ್ತರ ಬರತೊಡಗುತ್ತದೆ.

ಸಾವಿನ ಸುದ್ದಿಯನ್ನು ಹಗುರ ಮಾಡಬೇಡಿ. ದಿನಪತ್ರಿಕೆಯಲ್ಲಿ ಜಾಗ ಸಿಗದವರ ಸುದ್ದಿ ನಮ್ಮಲ್ಲಿ ಬರುತ್ತದೆ. ಹನ್ನೊಂದನೇ ದಿನ, ಹದಿಮೂರನೇ ದಿನದ ಕಾರ್ಯದೊಳಗೆ ವಾರಪತ್ರಿಕೆ ಒಮ್ಮೆಯಾದರೂ ಮನೆ ತಲುಪಿರುತ್ತದೆ, ತಡ ಆಗುವುದಿಲ್ಲ. ನಲವತ್ತು ಪದ ಉಚಿತ, ಫೋಟೊ ಹಾಕಿದರೆ ಶುಲ್ಕ. ಮಕ್ಕಳ ಹೆಸರನ್ನು ಮನೆಯ ಇಬ್ಬರಿಂದ ಕೇಳಿ ತಾಳೆ ನೋಡಿ. ಒಬ್ಬ ಮಗಳ ಹೆಸರು ಬಿಟ್ಟುಹೋದರೆ ಆ ಮನೆತನ ಪತ್ರಿಕೆಯನ್ನು ಕ್ಷಮಿಸುವುದಿಲ್ಲ. ಆಸ್ತಿ ವ್ಯಾಜ್ಯವಿದ್ದರಂತೂ ಅದು ಬೇಕೆಂದೇ ಬಿಟ್ಟದ್ದು ಎಂದಾಗುತ್ತದೆ.

ಸಂಬಳ ಮತ್ತು ಗುರುತಿನ ಚೀಟಿ

ಇದನ್ನು ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಹೋಬಳಿಗೊಬ್ಬರಂತೆ ‘ವರದಿಗಾರ’ರನ್ನು ನೇಮಿಸಿ, ಸಂಬಳ ಕೊಡದೆ, ಗುರುತಿನ ಚೀಟಿ ಮಾತ್ರ ಕೊಟ್ಟು, ಕೆಲವೊಮ್ಮೆ ಚೀಟಿಗೇ ಅವರಿಂದ ದುಡ್ಡು ಇಸಕೊಂಡು ನಡೆಯುವ ಪತ್ರಿಕೆಗಳಿವೆ. ಆ ಚೀಟಿ ಮುಂದೆ ಮರಳು ಲಾರಿಯ ಹತ್ತಿರ, ಪಡಿತರ ಅಂಗಡಿಯ ಹತ್ತಿರ, ಪಿಡಿಒ ಕೋಣೆಯಲ್ಲಿ ಕಾಣಿಸಿಕೊಳ್ಳುತ್ತದೆ. ಹೆಸರು ಕೆಡುವುದು ಚೀಟಿ ಹಿಡಿದವನದ್ದಷ್ಟೇ ಅಲ್ಲ. ಆ ತಾಲೂಕಿನಲ್ಲಿ ಯಾರು ಯಾವ ವರದಿ ಬರೆದರೂ ‘ಎಷ್ಟು ಕೇಳಿದ್ದರು, ಸಿಗಲಿಲ್ಲವೇನೋ’ ಎಂಬ ಮಾತು ಬರುತ್ತದೆ.

ಹತ್ತು ಜನಕ್ಕೆ ಚೀಟಿ ಕೊಡುವ ಬದಲು ಇಬ್ಬರಿಗೆ ಸಂಬಳ ಕೊಡಿ. ಉಳಿದ ಕಡೆಗಳಿಂದ ಬರೆದು ಕಳಿಸುವವರಿಗೆ ಅಚ್ಚಾದ ವರದಿಗೆ ಇಷ್ಟು, ಫೋಟೊಗೆ ಇಷ್ಟು ಎಂದು ತಿಂಗಳ ಐದನೇ ತಾರೀಕಿಗೆ ಕೊಟ್ಟುಬಿಡಿ. ಚೀಟಿಗೆ ಒಂದು ವರ್ಷದ ಅವಧಿ, ಸಂಖ್ಯೆ, ಕಚೇರಿಯ ಫೋನ್ ಇರಲಿ. ಬಿಟ್ಟುಹೋದವರಿಂದ ವಾಪಸ್ ಪಡೆದು, ಬಾರದಿದ್ದರೆ ಆ ಸಂಖ್ಯೆ ರದ್ದಾಗಿದೆ ಎಂದು ಪತ್ರಿಕೆಯಲ್ಲೇ ಹಾಕಿ. ವರದಿ ಮಾಡುವವರು ಜಾಹೀರಾತು ಕೇಳಬಾರದು. ಸಣ್ಣ ಪತ್ರಿಕೆಗೆ ಇಷ್ಟೆಲ್ಲ ಸಾಧ್ಯವಾ ಎಂದರೆ, ಜಾಹೀರಾತು ಮತ್ತು ಚಂದಾ ಎರಡನ್ನೂ ನೋಡುವ ಒಬ್ಬರು, ಸುದ್ದಿ ನೋಡುವ ಒಬ್ಬರು. ಇಷ್ಟು ಬೇರ್ಪಡಿಸಿದರೂ ಸಾಕು. ಕಮಿಷನ್ ಕೊಡುವುದು ಬಿಲ್ ಆದಾಗ ಬೇಡ, ದುಡ್ಡು ಬ್ಯಾಂಕಿಗೆ ಬಿದ್ದಾಗ.

ಜಾಹೀರಾತು

ಅಚ್ಚಾಗುವ ಜಾಗ 25 ಸೆಂ.ಮೀ. ಅಗಲ, 37 ಸೆಂ.ಮೀ. ಉದ್ದ, ಐದು ಕಾಲಂ ಎಂದರೆ ಪುಟಕ್ಕೆ 185 ಕಾಲಂ ಸೆಂಟಿಮೀಟರ್ (ಒಂದು ಕಾಲಂ ಅಗಲ, ಒಂದು ಸೆಂ.ಮೀ. ಉದ್ದದ ಜಾಗ). 8 ಪುಟಕ್ಕೆ 1,480. ಇದರಲ್ಲಿ ಮೂರನೇ ಒಂದು ಪಾಲು, ಸುಮಾರು 490, ಜಾಹೀರಾತಿಗೆ ಎಂದು ಗೆರೆ ಎಳೆಯಿರಿ. ವಾರದ ಖರ್ಚಿನಲ್ಲಿ ಚಂದಾ ಮತ್ತು ಮಾರಾಟದಿಂದ ಬಂದದ್ದನ್ನು ಕಳೆದು, ಉಳಿದದ್ದನ್ನು 490ರಿಂದ ಭಾಗಿಸಬೇಡಿ, 250ರಿಂದ ಭಾಗಿಸಿ. ಮಾಮೂಲಿ ವಾರ ತುಂಬುವುದು ಅಷ್ಟೇ. ಬಂದ ಅಂಕಿಗಿಂತ ಕೆಳಗೆ ದರ ಇಳಿಸಬೇಡಿ. ಒಬ್ಬ ಬಟ್ಟೆ ಅಂಗಡಿಯವನಿಗೆ ಅರ್ಧ ದರಕ್ಕೆ ಕೊಟ್ಟರೆ ಆ ಬೀದಿಗೆಲ್ಲ ಸಂಜೆಯೊಳಗೆ ಗೊತ್ತಾಗುತ್ತದೆ. ರಿಯಾಯಿತಿ ಬೇಕಾದರೆ ನಾಲ್ಕು ವಾರ ಸತತ ಕೊಟ್ಟವರಿಗೆ ಐದನೆಯದು ಉಚಿತ ಎಂದು ಎಲ್ಲರಿಗೂ ಒಂದೇ ನಿಯಮ ಮಾಡಿ.

ಯುಗಾದಿ, ದೀಪಾವಳಿ, ಹಾಸನಾಂಬ ದೇವಿ ದರ್ಶನದ ಹೊತ್ತಿನ ಶುಭಾಶಯ ಜಾಹೀರಾತುಗಳ ಮೇಲೆ ವರ್ಷ ನಡೆಸುವುದು ಅಪಾಯ. ಅವು ಬರುವುದು ಚುನಾವಣೆಗೆ ನಿಲ್ಲುವವರಿಂದ, ದುಡ್ಡು ಬರುವುದು ಅವರು ಗೆದ್ದರೆ. ಮುಂಗಡ ಇಲ್ಲದೆ ಹಾಕಬೇಡಿ. ಗಟ್ಟಿ ಜಾಹೀರಾತು ಅಂದರೆ ನರ್ಸರಿ, ಗೊಬ್ಬರದಂಗಡಿ, ಕಣ್ಣಿನ ಆಸ್ಪತ್ರೆ, ಶಾಲಾ ಪ್ರವೇಶ, ಟ್ರ್ಯಾಕ್ಟರ್ ಷೋರೂಂ, ಹೆಸರು ಬದಲಾವಣೆ, ಕೋರ್ಟ್ ನೋಟಿಸ್. ಏಪ್ರಿಲ್‌ನಲ್ಲಿ ಜಲಂಧರ್‌ನಿಂದ ಬರುವ ಬಿತ್ತನೆ ಆಲೂಗಡ್ಡೆಯ ಬಗ್ಗೆ ನಾಲ್ಕು ಪುಟದ ಪುರವಣಿ ತೆಗೆದರೆ, ಅದರಲ್ಲಿ ಬೀಜೋಪಚಾರ, ಅಂಗಮಾರಿ ತಡೆಯುವ ಕ್ರಮ ಸರಿಯಾಗಿ ಕೊಟ್ಟರೆ, ಔಷಧಿ ಅಂಗಡಿಯವರು ತಾವಾಗಿ ಬರುತ್ತಾರೆ. ಶಿಫಾರಸಿನ ಪ್ರಮಾಣ ಮಾತ್ರ ಕೃಷಿ, ತೋಟಗಾರಿಕೆ ಇಲಾಖೆಯವರಿಂದ ಬರಲಿ, ಅಂಗಡಿಯವರಿಂದ ಬೇಡ.

ಸರ್ಕಾರಿ ಜಾಹೀರಾತಿಗೆ ವಾರ್ತಾ ಇಲಾಖೆಯ ಮಾಧ್ಯಮ ಪಟ್ಟಿಯಲ್ಲಿ ಇರಬೇಕು, ಸಂಚಿಕೆ ತಪ್ಪದೆ ಬಂದಿದೆ ಎಂಬ ದಾಖಲೆ ಬೇಕು. ಪ್ರತಿ ವಾರ ಪ್ರತಿ ತಲುಪಿಸಿ ಸಹಿ ಹಾಕಿಸಿಕೊಳ್ಳಿ. ಆ ಆದಾಯವನ್ನು ಬಂದಾಗ ಬಂದದ್ದು ಎಂದು ಬರೆಯಿರಿ, ಸಂಬಳದ ಲೆಕ್ಕಕ್ಕೆ ಹಿಡಿಯಬೇಡಿ. ಪತ್ರಿಕೆ ಮಾರಾಟಕ್ಕೆ ಜಿಎಸ್‌ಟಿ ಇಲ್ಲ. ಜಾಹೀರಾತಿನ ಜಾಗಕ್ಕೆ, ನೋಂದಣಿ ಮಿತಿ ದಾಟಿದವರಿಗೆ, ನೂರಕ್ಕೆ 5 ಇದೆ. ಸಕ್ಕರೆ ಕಾಯಿಲೆ ಬೇರುಸಹಿತ ಹೋಗುತ್ತದೆ, ಮಕ್ಕಳಾಗುವುದು ಗ್ಯಾರಂಟಿ ಎಂಬ ಔಷಧಿ ಜಾಹೀರಾತುಗಳು 1954ರ ಕಾಯ್ದೆಯಡಿ ಅಪರಾಧ. ಹಾಕಿದ ಪತ್ರಿಕೆಯೂ ಸಿಕ್ಕಿಕೊಳ್ಳುತ್ತದೆ.

ಪ್ರಶ್ನೆಗಳು

ಮಾತು ಮುಗಿದ ಮೇಲೆ ಕೇಳಿದ ಪ್ರಶ್ನೆಗಳಲ್ಲಿ ಮೂರಕ್ಕೆ ಇಲ್ಲಿ ಉತ್ತರ.

ಪಿಡಿಎಫ್ ವಾಟ್ಸ್ಆ್ಯಪ್‌ನಲ್ಲಿ ಹಂಚಬೇಕೇ? ಅಚ್ಚಾದ ದಿನವೇ ಪೂರ್ತಿ ಪಿಡಿಎಫ್ ಬಿಟ್ಟರೆ ಚಂದಾ ಕೇಳಲು ಮುಖ ಇರುವುದಿಲ್ಲ. ಬುಧವಾರ ದರಪಟ್ಟಿ ಮತ್ತು ಮಳೆ ಪಟ್ಟಿಯನ್ನು ಚಿತ್ರವಾಗಿ ಬಿಡಿ, ಪತ್ರಿಕೆಯ ಹೆಸರು, ತಾರೀಕು ಅದರೊಳಗೇ ಇರಲಿ. ಊರು ಬಿಟ್ಟು ಬೆಂಗಳೂರಿನಲ್ಲಿರುವವರಿಗೆ ಕಡಿಮೆ ದರದ ಪಿಡಿಎಫ್ ಚಂದಾ ಮಾಡಿ. ಅಂಚೆಯಲ್ಲಿ ಅವರಿಗೆ ಹೇಗೂ ತಡವಾಗಿ ಸಿಗುತ್ತದೆ. ಇದರ ಜೊತೆಗೆ ಇನ್ನೊಂದು: ವರದಿಗಳನ್ನು ಯೂನಿಕೋಡ್‌ನಲ್ಲೇ ಟೈಪ್ ಮಾಡಿ ಉಳಿಸಿಟ್ಟು, ಪುಟ ಕಟ್ಟುವಾಗ ಮಾತ್ರ ಹಳೆ ಫಾಂಟ್‌ಗೆ ಬದಲಿಸಿ. ಹಳೆ ಫಾಂಟ್‌ನಲ್ಲೇ ಉಳಿದರೆ ಐದು ವರ್ಷದ ಹಿಂದಿನ ಸುದ್ದಿಯನ್ನು ನಿಮ್ಮದೇ ಕಂಪ್ಯೂಟರ್‌ನಲ್ಲಿ ಹುಡುಕಲು ಆಗುವುದಿಲ್ಲ. ಬದಲಿಸಿದ ಮೇಲೆ ಅರ್ಕಾವೊತ್ತು, ಒತ್ತಕ್ಷರ, ಅಂಕಿಗಳನ್ನು ಕಾಗದದ ಮೇಲೆ ತೆಗೆದು ಕರಡು ತಿದ್ದಬೇಕು, ಪರದೆಯ ಮೇಲೆ ನೋಡಿದರೆ ತಪ್ಪಿಹೋಗುತ್ತದೆ.

ಪೋಕ್ಸೊ ಪ್ರಕರಣದಲ್ಲಿ ಹೆಸರು ಬದಲಿಸಿದರೆ ಸಾಕಲ್ಲವೇ? ಸಾಲದು. ಕಾಯ್ದೆಯ 23ನೇ ಸೆಕ್ಷನ್ ಹೆಸರು, ವಿಳಾಸ, ಫೋಟೊ, ಮನೆಯವರ ವಿವರ, ಶಾಲೆ, ನೆರೆಹೊರೆ ಎಲ್ಲವನ್ನೂ ತಡೆಯುತ್ತದೆ. ನಲವತ್ತು ಮನೆಯ ಊರಿನ ಹೆಸರು, ‘ಒಂಬತ್ತನೇ ತರಗತಿ ವಿದ್ಯಾರ್ಥಿನಿ’, ‘ಆರೋಪಿ ಚಿಕ್ಕಪ್ಪ’ ಎಂದು ಬರೆದರೆ ಹೆಸರು ಬರೆದಂತೆಯೇ. ತಾಲೂಕು, ಠಾಣೆ, ಪ್ರಕರಣ ದಾಖಲಾದ ದಿನ, ಬಂಧನ ಆಗಿದೆಯೋ ಇಲ್ಲವೋ, ಅಷ್ಟಕ್ಕೆ ನಿಲ್ಲಿಸಿ. ಸಣ್ಣ ಊರಿನಲ್ಲಿ ಎಲ್ಲರಿಗೂ ಗೊತ್ತಿರುವುದೇ ತಾನೇ ಅನ್ನುವುದು ನ್ಯಾಯಾಲಯದಲ್ಲಿ ಉತ್ತರವಾಗುವುದಿಲ್ಲ.

ತಂದೆಯ ಹೆಸರಿನಲ್ಲಿದ್ದ, ನಿಂತುಹೋದ ಪತ್ರಿಕೆಯನ್ನು ಮತ್ತೆ ಶುರು ಮಾಡಬಹುದೇ? 1867ರ ಕಾಯ್ದೆ ಹೋಗಿ 2023ರ ಪತ್ರಿಕೆ ಮತ್ತು ನಿಯತಕಾಲಿಕಗಳ ನೋಂದಣಿ ಕಾಯ್ದೆ 2024ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಶೀರ್ಷಿಕೆ, ನೋಂದಣಿ ಎರಡಕ್ಕೂ ಪ್ರೆಸ್ ಸೇವಾ ಪೋರ್ಟಲ್‌ನಲ್ಲಿ ಒಟ್ಟಿಗೆ ಅರ್ಜಿ. ಹನ್ನೆರಡು ತಿಂಗಳಿಗಿಂತ ಹೆಚ್ಚು ಸತತವಾಗಿ ನಿಂತ ಪತ್ರಿಕೆಯ ನೋಂದಣಿಯನ್ನು ರದ್ದು ಮಾಡುವ ಅಧಿಕಾರ ರಿಜಿಸ್ಟ್ರಾರ್‌ಗೆ ಇದೆ. ಆದ್ದರಿಂದ ಮೊದಲು ಶೀರ್ಷಿಕೆ ಇನ್ನೂ ಊರ್ಜಿತದಲ್ಲಿದೆಯೇ ಎಂದು ನೋಡಿ, ರಿಜಿಸ್ಟ್ರಾರ್‌ಗೆ ಸಲ್ಲಿಸಬೇಕಾದ ವಾರ್ಷಿಕ ವಿವರಣಾ ಪಟ್ಟಿ ಯಾವ ವರ್ಷದಿಂದ ಬಾಕಿ ಎಂದು ನೋಡಿ. ಮಾಲೀಕರು ತೀರಿಕೊಂಡಿದ್ದರೆ ಹಕ್ಕು ಬದಲಾವಣೆ ಮೊದಲು, ಸಂಚಿಕೆ ಆಮೇಲೆ. ಹೊಸ ಪ್ರಮಾಣಪತ್ರ ಕೈಗೆ ಬರುವ ಮೊದಲೇ ಕೊನೆ ಪುಟದ ಅಡಿಯಲ್ಲಿ ಮುದ್ರಕರು, ಪ್ರಕಾಶಕರು, ಸಂಪಾದಕರು ಎಂದು ನಿಮ್ಮ ಹೆಸರು ಹಾಕಿಕೊಂಡು ಹೊರಟರೆ ಅಂಚೆ ಲೈಸೆನ್ಸ್ ನವೀಕರಣಕ್ಕೆ ಹೋದಾಗ ಹೆಸರು ತಾಳೆಯಾಗದೆ ಅರ್ಜಿ ವಾಪಸ್ ಬರುತ್ತದೆ.